ತೋಪಿನ ಬೀದಿಯ ಸದ್ದು ಪರೀಕ್ಷೆ

ಬೀರನಪೇಟೆಯಲ್ಲಿ ಓಂಕಾರೇಶ ಅಣಕಿಸದ ದನಿ ಒಂದೇ ಒಂದು. ಮಿಕ್ಕ ಊರೆಲ್ಲ ಅವನ ಗಂಟಲಲ್ಲಿ ಬಾಡಿಗೆ ಕೊಡದೆ ವಾಸವಾಗಿತ್ತು. ಪಟ್ಟಣ ಪಂಚಾಯಿತಿ ಅಧ್ಯಕ್ಷ ರೇಣುಕಪ್ರಸಾದರು ಮಾತಿಗೊಮ್ಮೆ ಗಂಟಲು ಸರಿಮಾಡಿಕೊಂಡು "ಅದೇನಪ್ಪಾ ಅಂದ್ರೆ" ಅನ್ನುವುದು, ವಿರೋಧ ಪಕ್ಷದ ತೀರ್ಥಪ್ಪನವರು ಸಿಟ್ಟು ಬಂದಾಗ ಮೂಗಿನಲ್ಲಿ ಮಾತಾಡುವುದು, ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ "ಅಜ್ಜಂಪುರ, ಅಜ್ಜಂಪುರ" ಎಂದು ಕೂಗುವ ಕಂಡಕ್ಟರನ ಹರಿದ ದನಿ, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿ ಕ್ಯೂ ನಿಂತಿರುತ್ತಿದ್ದವು. ಚುನಾವಣೆಯಲ್ಲಿ ಅವನು ಸ್ವಂತ ಭಾಷಣವನ್ನೇ ಮಾಡಲಿಲ್ಲ. ಎದುರಾಳಿಗಳ ಭಾಷಣವನ್ನು ಅವರಿಗಿಂತ ಚೆನ್ನಾಗಿ ಮಾಡಿ ತೋರಿಸಿದ, ಗೆದ್ದುಬಿಟ್ಟ. ಜನ ಹಾಕಿದ್ದು ವೋಟೋ ಚಪ್ಪಾಳೆಯೋ ಎಂದು ಸೋತವರು ಇವತ್ತಿಗೂ ಕೇಳುತ್ತಾರೆ.

ಅವನು ಅಣಕಿಸದ ಆ ಒಂದು ದನಿ ತೋಪಿನ ಬೀದಿಯ ಚಾಂದ್ ಬಿಯದು. ತಾಯಿ ಕಲ್ಲಮ್ಮ ಅಡಿಕೆ ಮಂಡಿಯ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಶಾಲೆ ಬಿಟ್ಟ ಓಂಕಾರೇಶ ನೇರ ಓಡುತ್ತಿದ್ದದ್ದು ಗೆಳೆಯ ಅಜ್ಮತ್‌ನ ಮನೆಗೆ, ಅದೂ ಹಿಂದಿನ ಬಾಗಿಲಿಂದ. ಅಜ್ಮತ್‌ನ ತಾಯಿ ಚಾಂದ್ ಬಿ ಇಬ್ಬರನ್ನೂ ಅಡಿಗೆಮನೆಯ ನೆಲದ ಮೇಲೆ ಕೂರಿಸಿ, ಸೊಟ್ಟಗಾದ ಸ್ಟೀಲ್ ಲೋಟದಲ್ಲಿ ಚಾ ಕೊಟ್ಟು, ಜೊತೆಗೆ ಬೈಗುಳವನ್ನೂ ಕೊಡುತ್ತಿದ್ದಳು. "ನನ್ ದನಿ ಮಾಡಿದ್ಯೋ, ಸೌಟಲ್ಲಿ ಹಾಕ್ತೀನಿ ನೋಡು" ಎಂದು ಅವಳು ಅಂದೇ ಹೇಳಿದ್ದಳು. ಅಧ್ಯಕ್ಷರಿಗೆ ಹೆದರದವನು ಆ ಸೌಟಿಗೆ ಹೆದರಿಕೊಂಡೇ ದೊಡ್ಡವನಾದ.

ಈಗ ಪಂಚಾಯಿತಿಯಲ್ಲಿ ಅಧ್ಯಕ್ಷರ ಕಡೆಯವರೂ ತೀರ್ಥಪ್ಪನವರ ಕಡೆಯವರೂ ಸಮಸಮ. ಪಕ್ಷೇತರ ಓಂಕಾರೇಶನ ಕೈ ಎತ್ತ ಏಳುತ್ತದೋ ಅತ್ತ ಊರು. ಇಷ್ಟು ದಿನ ಆ ಕೈ ಬೀದಿದೀಪ, ಚರಂಡಿಗಳಿಗೆ ಎದ್ದು ಇಳಿದಿತ್ತು, ಯಾರಿಗೂ ನೋವಾಗಿರಲಿಲ್ಲ. ಆಮೇಲೆ ಬಂತು ಬೆಂಗಳೂರಿನ ಕಂಪನಿಯ ಅರ್ಜಿ.

ತೋಪಿನ ಮೈದಾನದಲ್ಲಿ ಭಾರೀ ಸಂಗೀತ ಕಾರ್ಯಕ್ರಮ. ದೊಡ್ಡ ದೊಡ್ಡ ಗಾಯಕರು, ಬಣ್ಣದ ದೀಪ, ಟಿಕೆಟ್ಟು. ಕೆಮ್ಮಣ್ಣುಗುಂಡಿಗೆ ಬರುವ ಪ್ರವಾಸಿಗರೆಲ್ಲ ಇಳಿದು ಬರುತ್ತಾರೆ, ಕಡೂರಿನಿಂದ ತರೀಕೆರೆವರೆಗಿನ ಲಾಡ್ಜುಗಳೆಲ್ಲ ತುಂಬುತ್ತವೆ ಎಂದು ಕಂಪನಿಯ ಮ್ಯಾನೇಜರ್ ಯೋಗಾನಂದ ಲ್ಯಾಪ್‌ಟಾಪ್ ತೆರೆದು ತೋರಿಸಿದ. ಒಂದು ಸಲ ಒಪ್ಪಿಗೆ ಕೊಟ್ಟರೆ ಪ್ರತಿ ವರ್ಷ ಇಲ್ಲೇ. ಮೈದಾನ ಪಂಚಾಯಿತಿಯದು, ಅದರ ಒಪ್ಪಿಗೆ ಇಲ್ಲದೆ ಪೊಲೀಸರೂ ಲೈಸೆನ್ಸ್ ಕೊಡುವಂತಿಲ್ಲ. ಮೈದಾನದ ಸುತ್ತ ಇರುವುದು ತೋಪಿನ ಬೀದಿಯ ಮನೆಗಳು. ಚಾಂದ್ ಬಿಯ ಹಿತ್ತಿಲ ಗೋಡೆಯೇ ಮೈದಾನದ ಕಾಂಪೌಂಡು. ಅಧ್ಯಕ್ಷರಿಗೆ ಬೇಕಾದದ್ದು ಸ್ಪೀಕರಿನ ಬೇಸು, ಬೀದಿಗೆ ಆದದ್ದು ಬೇಸರ.

ಬೇಸರ ಅಂದರೆ ಸಾಲದು. ಅಜ್ಮತ್‌ನ ತಂಗಿ ಅಂಬರೀನ್ ಹೆರಿಗೆಗೆ ತವರಿಗೆ ಬಂದಿದ್ದಳು. ಮೊದಲಿನ ಬಸಿರು ನಿಂತಿರಲಿಲ್ಲ. ಈ ಸಲ ಬಿ.ಪಿ. ಏರುತ್ತಿದೆ, ಗಾಬರಿ ಆಗಬಾರದು, ನಿದ್ದೆ ಕೆಡಬಾರದು ಎಂದು ತರೀಕೆರೆಯ ಡಾಕ್ಟರು ಎಚ್ಚರಿಸಿ ಕಳಿಸಿದ್ದರು. ಕಾರ್ಯಕ್ರಮದ ತಾರೀಕು ಬಿದ್ದದ್ದು ಅವಳ ತುಂಬು ತಿಂಗಳಲ್ಲೇ.

"ಲೇ ಓಂಕಾರಿ, ನಿನ್ ಕೈ ಒಂದೇ ಕಣೋ ಈಗ ನಮ್ಗಿರೋದು" ಎಂದಿದ್ದ ಅಜ್ಮತ್, ಆಟೋ ಸ್ಟ್ಯಾಂಡಿನಲ್ಲಿ. ತಮಾಷೆ ಇಲ್ಲದೆ ಅವನು ಗೆಳೆಯನ ಜೊತೆ ಮಾತಾಡಿದ್ದು ಅದೇ ಮೊದಲು.

"ಆಯ್ತು ಬಿಡೋ" ಎಂದಿದ್ದ ಓಂಕಾರೇಶ.

ಹಾಗೆ ಹೇಳಿದ ದಿನ ಸಂಜೆಯೇ ಅಧ್ಯಕ್ಷರು ಅವನನ್ನು ತಮ್ಮ ಸಿಮೆಂಟ್ ಅಂಗಡಿಗೆ ಕರೆಸಿಕೊಂಡರು. ಯೋಗಾನಂದನೂ ಇದ್ದ.

"ಅದೇನಪ್ಪಾ ಅಂದ್ರೆ, ನಿನ್ ವಿಡಿಯೋ ಎಲ್ಲಾ ತೋರಿಸ್ದೆ ಇವರಿಗೆ. ನನ್ನ ಮಾಡಿರೋದೂ ತೋರಿಸ್ದೆ. ನಾನೇನೂ ಬೇಜಾರ್ ಮಾಡ್ಕೊಂಡಿಲ್ಲಪ್ಪ."

"ಸೂಪರ್ ಸರ್ ನೀವು" ಎಂದ ಯೋಗಾನಂದ. "ಲೋಕಲ್ ಟ್ಯಾಲೆಂಟ್ ಬೇಕು ನಮಗೆ. ಇಡೀ ಷೋ ನೀವೇ ಆಂಕರ್. ಗಾಯಕರನ್ನ ಸ್ಟೇಜಿಗೆ ಕರಿಯೋದು ನೀವು, ಮಧ್ಯೆ ಮಿಮಿಕ್ರಿ ನಿಮ್ದು. ಟಿವಿಯವರೂ ಬರ್ತಾರೆ."

ಓಂಕಾರೇಶನ ಕಿವಿಯಲ್ಲಿ ಆಗಲೇ ಜನಸಾಗರ ಮೊರೆಯಿತು. ಮದುವೆ ಮನೆಯ ಶಾಮಿಯಾನದಲ್ಲಿ, ಊಟದ ಪಂಕ್ತಿಗೆ ಎಲೆ ಹಾಕುವ ಗದ್ದಲದಲ್ಲಿ, ಯಾರೋ ಮಧ್ಯೆ ಬಂದು "ಮೈಕ್ ಕೊಡಪ್ಪ, ಬಿಳಿ ಮಾರುತಿ ಕಾರು ಅಡ್ಡ ನಿಂತದೆ" ಎಂದು ಕಿತ್ತುಕೊಳ್ಳುವ ಸ್ಟೇಜು ಮಾತ್ರ ಕಂಡವನು ಅವನು. ಅಧ್ಯಕ್ಷರು ಷರತ್ತು ಅನ್ನುವ ಮಾತನ್ನೇ ಎತ್ತಲಿಲ್ಲ. "ನಾಳೆ ಸಭೆ ಇದೆ, ಬೇಗ ಬಾರಪ್ಪ" ಎಂದರು ಅಷ್ಟೇ.

ಮರುದಿನದ ಸಭೆ ಕಾದ ಬಾಣಲೆಯಾಗಿತ್ತು. ಹಿಂದೆ ಬೆಂಚಿನ ಮೇಲೆ ತೋಪಿನ ಬೀದಿಯವರು. ಮುಂದೆ ನಿಂತವಳು ಕಾಂತಮ್ಮ, ಬೀದಿಯ ಮೊದಲ ಮನೆಯವಳು. ಅವಳ ಬಾಯಿಗೆ ಕೊಳಾಯಿ ನೀರು ಬಿಡುವವನೂ ಅಂಜುತ್ತಿದ್ದ.

"ಹೋದ್ ಸಲ ಗಣಪತಿ ಆರ್ಕೆಸ್ಟ್ರಾಗೇ ನಮ್ಮನೆ ಹೆಂಚು ಜಾರ್ಬಿಟ್ಟಾವೆ ಕಣ್ರೀ. ಇನ್ ಇದು ಬಂದ್ರೆ ಮನೇನೇ ಕುಣಿತೈತೆ!"

"ಕುಣಿಲಿ ಬಿಡಮ್ಮ, ಟಿಕೆಟ್ ಇಲ್ದೆ ಡ್ಯಾನ್ಸು" ಎಂದ ಅಧ್ಯಕ್ಷರ ಕಡೆಯ ಒಬ್ಬ.

"ನಿಮ್ಮನೇ ಮುಂದೆ ಇಟ್ಕಳ್ರಿ ಆ ಡ್ಯಾನ್ಸ!"

ತೀರ್ಥಪ್ಪನವರ ಮೂಗು ಶುರುವಾಯಿತು. "ಅನುಮತಿ ಕೊಡೋಕ್ ಮುಂಚೆ ಸ್ವಲ್ಪ ಮತಿ ಉಪಯೋಗ್ಸಿ ಅಧ್ಯಕ್ಷರೇ. ಡೆಸಿಬಲ್ ಅಂತ ಒಂದಿದೆ, ಕಾನೂನಿದೆ."

"ಡೆಸಿಬಲ್ಲೋ ದೇಸಿ ಬೆಲ್ಲವೋ, ಪೊಲೀಸ್ನೋರು ನೋಡ್ಕೊತಾರೆ" ಎಂದರು ಅಧ್ಯಕ್ಷರು. "ಅದೇನಪ್ಪಾ ಅಂದ್ರೆ, ಊರು ಉದ್ಧಾರ ಆಗ್ಬೇಕೋ ಬೇಡ್ವೋ? ಹೋಟ್ಲು, ಆಟೋ, ಹೂವಿನೋರು, ಎಲ್ರಿಗೂ ನಾಕ್ ಕಾಸು. ಬೀದಿಯೋರಿಗೆ ಒಂದ್ ದಿನ ಕಿವಿಗ್ ಹತ್ತಿ ಇಟ್ಕೊಳ್ಳೋಕೇನು?"

"ಹೊಟ್ಟೇಲಿರೋ ಕೂಸಿನ ಕಿವಿಗೆ ಎಲ್ಲಿಂದ ಇಡೋದು ಹತ್ತಿ?" ಎಂದ ಅಜ್ಮತ್, ಹಿಂದಿನಿಂದ.

ಸಭೆ ತಣ್ಣಗಾಯಿತು. ಎಲ್ಲರೂ ಓಂಕಾರೇಶನತ್ತ ತಿರುಗಿದರು. ಅವನು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ, ಮುಚ್ಚಳ ಬಿಚ್ಚಿ ಎಷ್ಟೋ ಹೊತ್ತಾಗಿದ್ದರೂ.

ಆಗ ತೀರ್ಥಪ್ಪನವರೇ ಮೇಜು ಕುಟ್ಟಿದರು. "ಮಾತ್ಯಾಕೆ? ಪರೀಕ್ಷೆ ಆಗ್ಲಿ. ಆವತ್ತು ಎಷ್ಟು ಸೌಂಡೋ ಅಷ್ಟೂ ಹಾಕಿ. ಸದಸ್ಯರು ಬೀದಿಯ ಮನೆಗಳಲ್ಲಿ ಕೂತು ಕೇಳ್ಲಿ. ಮನೆಯೋರು ಏನ್ ಹೇಳ್ತಾರೋ ಅದೇ ಕೊನೆ ಮಾತು."

ಅಧ್ಯಕ್ಷರು ಜಗಳಕ್ಕಿಳಿಯುತ್ತಾರೆಂದು ಎಲ್ಲರೂ ಅಂದುಕೊಂಡಿದ್ದರು. ಅವರು ಒಂದು ಕ್ಷಣ ಯೋಚಿಸಿ, ಹಲಸಿನ ತೊಳೆ ಬಾಯಿಗಿಟ್ಟವರಂತೆ ಮುಖ ಮಾಡಿದರು. "ಒಪ್ಪಿದೆ. ಬೀದಿಯೋರ ಬಾಯಿಂದಾನೇ ಬರ್ಲಿ. ಓಂಕಾರೇಶ ಚಾಂದಮ್ಮನ ಮನೇಗೇ ಹೋಗ್ಲಿ, ಹೆಂಗೂ ಅವನಿಗೆ ಬೇಕಾದೋರು."

ಕಾಂತಮ್ಮ ಗೆದ್ದವಳಂತೆ ಸೆರಗು ಸಿಕ್ಕಿಸಿದಳು. ತೀರ್ಥಪ್ಪನವರೂ ಬೀಗಿದರು. ಅಧ್ಯಕ್ಷರ ಆ ಹಲಸಿನ ನಗೆ ಮಾತ್ರ ಓಂಕಾರೇಶನ ಕಿರುನಾಲಿಗೆಯಲ್ಲಿ ಮುಳ್ಳಿನಂತೆ ಕೂತಿತು. ಊರನ್ನು ಅಣಕಿಸುವವನಿಗೆ ಊರು ಗೊತ್ತಿರುವಷ್ಟೇ ಊರನ್ನು ಆಳುವವನಿಗೂ ಗೊತ್ತಿರುತ್ತದೆ.

ಪರೀಕ್ಷೆಯ ಮಧ್ಯಾಹ್ನ ಮೈದಾನದಲ್ಲಿ ಲಾರಿ ನಿಂತಿತ್ತು. ಆಳೆತ್ತರದ ಕಪ್ಪು ಸ್ಪೀಕರ್ ಪೆಟ್ಟಿಗೆಗಳು ಬೀದಿಗೆ ಮುಖ ಮಾಡಿದ್ದವು. ಅಧ್ಯಕ್ಷರು ತಮ್ಮ ಕಡೆಯ ಸದಸ್ಯರ ಕೈಗೆಲ್ಲ ಒಂದೊಂದು ಮೊಳ ಮಲ್ಲಿಗೆ, ಕಿತ್ತಳೆ ಹಣ್ಣಿನ ಚೀಲ ಕೊಟ್ಟರು. "ಬರೀ ಕೈಲಿ ಹೋಗ್ಬಾರ್ದಪ್ಪ, ಮನೇಗ್ ಹೋಗ್ತಾ ಇದೀರ." ಓಂಕಾರೇಶನ ಕೈಗೂ ಒಂದು ಚೀಲ ಬಂತು. ಅದನ್ನು ಹಿಡಿದು ಅವನು ಹಿತ್ತಿಲ ಸಂದಿಗೆ ತಿರುಗುವಷ್ಟರಲ್ಲಿ ಅಜ್ಮತ್ ಎದುರು ಬಂದ. ಇಸ್ತ್ರಿ ಹಾಕಿದ ಅಂಗಿ ತೊಟ್ಟಿದ್ದ.

"ಮುಂದ್‌ಬಾಗಿಲಿಂದ ಬರ್ಬೇಕಂತೆ. ಅಮ್ಮಿ ಹೇಳಿದ್ರು."

ನಡುಮನೆಯಲ್ಲಿ ಒಂದೇ ಒಂದು ಕುರ್ಚಿ, ಅದರ ಮೇಲೆ ಹೊಸ ಟವೆಲ್ಲು. ಗಾಜಿನ ಬೀರುವಿನಿಂದ ಚಿನ್ನದ ಅಂಚಿನ ಕಪ್-ಸಾಸರ್ ಕೆಳಗಿಳಿದಿತ್ತು. ಅಂಬರೀನಳ ಮದುವೆ ಮಾತುಕತೆಯಲ್ಲಿ ಗಂಡಿನ ಕಡೆಯವರಿಗೆ ಇಳಿದ ಕಪ್ಪು ಅದು. ಅಂಬರೀನ್ ಪರದೆಯ ಹಿಂದೆ ಒಳಕೋಣೆಯ ಮಂಚದ ಮೇಲಿದ್ದಳು.

"ಕೂತ್ಕೊಳ್ಳಿ" ಎಂದಳು ಚಾಂದ್ ಬಿ.

ಓಂಕಾರೇಶ ಹಿಂದೆ ತಿರುಗಿ ನೋಡಿದ, ಬೇರೆ ಯಾರಾದರೂ ಬಂದರೇನೋ ಎಂದು. ಯಾರೂ ಇರಲಿಲ್ಲ.

"ಅಮ್ಮೀ, ನಾನ್ ಕಣಮ್ಮ."

"ಗೊತ್ತು. ಮೆಂಬರ್ ಸಾಬ್ ಅಲ್ವಾ. ಬಿಸ್ಕತ್ ತಗಳ್ಳಿ."

ಸದ್ದು ಶುರುವಾಯಿತು. ಮೊದಲು ಅದು ಕಿವಿಗೆ ಬರಲೇ ಇಲ್ಲ, ಅಂಗಾಲಿಗೆ ಬಂತು. ನೆಲದ ಒಳಗಿನಿಂದ ಯಾರೋ ಕುಟ್ಟಿದಂತೆ ಧುಂ, ಧುಂ. ಗಾಜಿನ ಬೀರು ಕಟಕಟ ಹಲ್ಲು ಕಡಿಯಿತು. ಕಪ್ಪಿನೊಳಗಿನ ಚಾ ಸುತ್ತು ಸುತ್ತಾಗಿ ನಡುಗಿ ಸಾಸರಿಗೆ ಚೆಲ್ಲಿತು. ಹೆಂಚಿನ ಸಂದಿಯಿಂದ ಮಣ್ಣು ಉದುರಿ ಅವನು ಕೂತಿದ್ದ ಹೊಸ ಟವೆಲ್ಲಿನ ಮೇಲೆ ಬಿತ್ತು. ಚಾಂದ್ ಬಿ ಅದನ್ನು ನೋಡಿಯೂ ನೋಡದವಳಂತೆ ದನಿ ಏರಿಸಿ, ಮೆಂಬರ್ ಸಾಬರ ತಾಯಿಯ ಮಂಡಿನೋವು ಹೇಗಿದೆ, ಬಿಸಿಲು ಜಾಸ್ತಿ ಆಯಿತಲ್ಲವೇ ಎಂದು ಕೇಳುತ್ತಲೇ ಇದ್ದಳು. ಪ್ರತಿ ಹೊಡೆತಕ್ಕೂ ಅವಳ ಮಾತು ಮಧ್ಯೆ ತುಂಡಾಗುತ್ತಿತ್ತು, ಮುಖದ ನಗು ಮಾತ್ರ ತುಂಡಾಗಲಿಲ್ಲ.

ಪರದೆಯ ಬದಿಯಲ್ಲಿ ಓಂಕಾರೇಶನಿಗೆ ಅಂಬರೀನಳ ಕೈ ಕಂಡಿತು. ಮಂಚದ ಕಬ್ಬಿಣದ ಸರಳನ್ನು ಬಿಳಿಚುವಷ್ಟು ಬಿಗಿಯಾಗಿ ಹಿಡಿದಿದ್ದಳು. ಹ್ಞಾ, ಹ್ಞಾ ಎಂದು ಮೇಲುಸಿರು.

"ಅಮ್ಮೀ, ಅಂಬರೀನ್ ನೋಡು!"

"ಏನಿಲ್ಲ, ಏನಿಲ್ಲ. ನೀವ್ ಕುಡೀರಿ, ಆರ್‍ಹೋಗ್ತೈತೆ."

ಸದ್ದು ನಿಂತಿತು. ನಿಂತ ಮೇಲೂ ಬೀರು ಸ್ವಲ್ಪ ಹೊತ್ತು ನಡುಗಿತು. ಅಷ್ಟರಲ್ಲಿ ಅಧ್ಯಕ್ಷರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೈಮುಗಿದು ಒಳಗೆ ಬಂದರು. ಹಿಂದೆ ಫೋನು ಎತ್ತಿ ಹಿಡಿದ ಯೋಗಾನಂದ.

"ಚಾಂದಮ್ಮ, ಚೆನ್ನಾಗಿದೀರಾ? ಅದೇನಪ್ಪಾ ಅಂದ್ರೆ, ಸೌಂಡಿಂದ ಏನಾದ್ರೂ ತೊಂದ್ರೆ ಆಯ್ತಾ? ಇದ್ದದ್ದು ಇದ್ದಂಗ್ ಹೇಳಿ."

ಚಾಂದ್ ಬಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಒಳಗಿನ ಮೇಲುಸಿರು ಅವಳಿಗೆ ಕೇಳುತ್ತಿತ್ತು, ಓಂಕಾರೇಶನಿಗೂ ಕೇಳುತ್ತಿತ್ತು.

"ಏನಿಲ್ಲ ಸಾಬ್. ದೊಡ್ಡೋರು ಮನೇಗ್ ಬಂದ್ರಿ, ಅದೇ ಖುಷಿ. ಚಾ ಕುಡ್ಕಂಡೇ ಹೋಗ್ಬೇಕು."

ಅಧ್ಯಕ್ಷರು ಕುಡಿದರು. ಓಂಕಾರೇಶನತ್ತ ನೋಡಿದರು. ಅದೇ ಹಲಸಿನ ತೊಳೆಯ ನಗೆ.

ಬೀದಿಯ ಎಲ್ಲ ಮನೆಯಲ್ಲೂ ಇದೇ ಕತೆ. ವಾರವಿಡೀ ಪೊರಕೆ ಹಿಡಿದು ಕೂಗಿದ್ದ ಕಾಂತಮ್ಮ ಕೋಡುಬಳೆ ಕರಿದು ಕಾದಿದ್ದಳಂತೆ. ಹೆಂಚು ಜಾರಿ ಅಂಗಳಕ್ಕೆ ಬಿದ್ದರೂ "ಅದು ಮೊದ್ಲೇ ಸಡಿಲ ಇತ್ತು ಸ್ವಾಮಿ, ಇನ್ನೆರಡು ಹಾಕ್ಕಳಿ" ಎಂದಳಂತೆ. ಸದಸ್ಯರು ಬೀದಿ ದಾಟಿದ ಮೇಲೆ ಅವಳು ಆ ಹೆಂಚಿನ ಚೂರುಗಳ ಮುಂದೆ ಕೂತು ತನಗೇ ಬೈದುಕೊಂಡಳು.

ಅಜ್ಮತ್ ಆಟೋ ತಿರುಗಿಸಿ ತಂಗಿಯನ್ನು ಹತ್ತಿಸಿಕೊಂಡ. ತರೀಕೆರೆ ಆಸ್ಪತ್ರೆಗೆ ಹೋಗಬೇಕಿತ್ತು.

"ನೀನೂ ಅಲ್ಲೇ ಕುಂತಿದ್ದಲ್ಲೋ. ಬಾಯೇ ಬಿಡ್ಲಿಲ್ಲ."

"ಅಮ್ಮೀನೇ ಏನಿಲ್ಲ ಅಂದ್ರಲ್ಲೋ..."

"ಹಣ್ ಹಿಡ್ಕಂಡು, ಮುಂದ್‌ಬಾಗಿಲಿಂದ ಬಂದೋರ್ ಮುಂದೆ ಇನ್ನೇನಂತಾರೆ? ನಿಂಗೊತ್ತಿಲ್ವಾ?" ಆಟೋ ಹೊರಟುಹೋಯಿತು.

ಅಂಬರೀನಳ ಬಿ.ಪಿ. ಏರಿತ್ತು. ಆಸ್ಪತ್ರೆಯಲ್ಲಿ ಉಳಿಸಿಕೊಂಡು ಇಳಿಸಿ ಕಳಿಸಿದರು. ಕೂಸಿಗೆ ಏನೂ ಆಗಿಲ್ಲ, ಇನ್ನೊಂದು ಸಲ ಹೀಗಾದರೆ ನಾವು ಹೊಣೆಯಲ್ಲ ಎಂದರಂತೆ. ಓಂಕಾರೇಶನಿಗೆ ಇದನ್ನು ಹೇಳಿದ್ದು ಅಜ್ಮತ್ ಅಲ್ಲ, ಆಟೋ ಸ್ಟ್ಯಾಂಡಿನವರು. ಅಜ್ಮತ್ ಇವನನ್ನು ಕಂಡು ಗಾಡಿ ಸ್ಟಾರ್ಟ್ ಮಾಡಿಬಿಟ್ಟಿದ್ದ.

ತೀರ್ಮಾನದ ಸಭೆಯ ದಿನ ಗೋಡೆಯ ಟಿವಿಯಲ್ಲಿ ವಿಡಿಯೋ ಓಡಿತು. ಒಂದಾದ ಮೇಲೊಂದು ಮುಖ. "ಏನಿಲ್ಲ ಸ್ವಾಮಿ." "ಏನ್ ತೊಂದ್ರೆ, ಏನಿಲ್ಲ." "ಚೆನ್ನಾಗಿತ್ತು." ಹಿಂದಿನ ಬೆಂಚಿನಲ್ಲಿ ಅವೇ ಮುಖಗಳು ನೆಲ ನೋಡುತ್ತಿದ್ದವು. ಚಾಂದ್ ಬಿಯೂ ಬಂದಿದ್ದಳು, ಬಾಗಿಲ ಪಕ್ಕ ಗೋಡೆಗೆ ಆನಿಕೊಂಡು. ಅಧ್ಯಕ್ಷರ ಕಡೆಯವರು ಮೇಜು ಬಡಿದು ನಕ್ಕರು. ತೀರ್ಥಪ್ಪನವರ ಮೂಗೂ ಕಟ್ಟಿಹೋಗಿತ್ತು. ಷರತ್ತು ಅವರದೇ, ಮನೆಯವರ ಮಾತೇ ಕೊನೆ ಮಾತು.

ಓಂಕಾರೇಶನ ಪಕ್ಕ ಕೂತಿದ್ದ ಯೋಗಾನಂದ ಮೇಜಿನ ಕೆಳಗಿಂದ ಫೋನು ಸರಿಸಿದ. ಪೋಸ್ಟರು. ಗಾಯಕರ ಸಾಲಿನ ನಡುವೆ, ಅವರಷ್ಟೇ ದೊಡ್ಡದಾಗಿ, ಓಂಕಾರೇಶನ ಮುಖ. ಬಾಯಿ ತೆರೆದು ನಗುತ್ತಿದೆ. "ಆಗ್ಲೇ ಪ್ರಿಂಟಿಗೆ ಹೋಗಿದೆ ಸರ್."

"ಓಂಕಾರೇಶ, ನಿಂದೊಂದ್ ಬಾಕಿ" ಎಂದರು ಅಧ್ಯಕ್ಷರು. "ಅಲ್ಲೇ ಕೂತಿದ್ಯಲ್ಲ, ಕಂಡದ್ದು ಹೇಳಿ ಕೈ ಎತ್ತಿಬಿಡಪ್ಪ."

ಓಂಕಾರೇಶ ಎದ್ದ. ಹೇಳಲು ಬಾಯಿ ತೆರೆದ, ಸ್ವಂತ ದನಿ ಸಿಗಲಿಲ್ಲ. ಅದಕ್ಕೆ ಅಭ್ಯಾಸವೇ ಇರಲಿಲ್ಲ. ಬಾಗಿಲ ಪಕ್ಕ ನೋಡಿದ. ಆಮೇಲೆ ಅಲ್ಲಿ ನೋಡದೆ, ಮೇಜಿಗೆ ಅಂಗೈ ಊರಿ, ಎದೆಯ ಆಳದಿಂದ ಧುಂ ಎಂದ.

ಯಾರೋ ಕಿಸಕ್ಕೆಂದರು. ಶುರುವಾಯ್ತಪ್ಪ ಇವನದು ಎಂದು ಅಧ್ಯಕ್ಷರೂ ಹಿಂದಕ್ಕೆ ಒರಗಿದರು.

ಧುಂ, ಧುಂ. ಅದರ ನಡುವೆ ನಾಲಿಗೆಯಿಂದ ಗಾಜಿನ ಕಟಕಟ. ಹಲ್ಲಿನ ಸಂದಿಯಿಂದ ಹೆಂಚಿನ ಮಣ್ಣು ಉದುರುವ ಸರಸರ. ಸಾಸರಿನ ಮೇಲೆ ಕಪ್ಪು ನಡುಗುವ ಕಿಣಿಕಿಣಿ. ಮತ್ತೆ ಆ ಸದ್ದುಗಳ ಮಧ್ಯದಿಂದ ಊರು ಇದುವರೆಗೆ ಅವನ ಬಾಯಲ್ಲಿ ಕೇಳದ ದನಿ: "ಏನಿಲ್ಲ, ಏ...ನಿಲ್ಲ. ಮೆಂಬರ್ ಸಾಬ್, ಬಿಸ್... ಬಿಸ್ಕತ್ ತಗಳ್ಳಿ. ತಾಯೀಗೆ ಮಂ... ಮಂಡಿನೋವು..." ನಗುತ್ತಿದ್ದವರ ನಗು ಅಲ್ಲಲ್ಲೇ ನಿಂತಿತು. ಆ ದನಿಯ ಹಿಂದೆ, ಬಹಳ ಮೆಲ್ಲಗೆ, ಪರದೆಯಾಚೆಯ ಮೇಲುಸಿರು. ಹ್ಞಾ, ಹ್ಞಾ. "ಆರ್‍ಹೋಗ್ತೈತೆ ಸಾಬ್, ಕುಡೀರಿ." ಹ್ಞಾ.

ಓಂಕಾರೇಶ ನಿಲ್ಲಿಸಿದ. ಕಾಂತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ನನ್ನ ಆ ಮನೇಲಿ ಯಾವತ್ತೂ ಕುರ್ಚಿ ಮೇಲೆ ಕೂರಿಸಿಲ್ಲ" ಎಂದ. ಈಗ ಬಂದದ್ದು ಅವನದೇ ದನಿ, ತೆಳ್ಳಗೆ, ಪೀಚಲಾಗಿ. "ಆವತ್ತು ಕೂರಿಸಿದ್ರು. ನಾವು ಕೇಳೋಕ್ ಹೋಗ್ಲಿಲ್ಲ, ನೆಂಟರಾಗಿ ಹೋದ್ವಿ. ನಿಮ್ಮನೇಗೆ ನೆಂಟರು ಬಂದು ಕಾಲ್ ತುಳುದ್ರೆ ನೀವ್ ಏನಂತೀರ ಅಧ್ಯಕ್ಷರೇ? ಏನಿಲ್ಲ ಅಂತೀರ. ನಮ್ಮೂರ್ನೋರೆಲ್ಲ ಅಂಗೇ ಅಂತಾರೆ. ಅದು ನಿಮಗೆ ಗೊತ್ತಿತ್ತು. ನಂಗೂ ಗೊತ್ತಿತ್ತು."

"ಇದು ಸಭೆ, ನಾಟಕದ ಸ್ಟೇಜ್ ಅಲ್ಲ" ಎಂದರು ಅಧ್ಯಕ್ಷರು. "ಅದೇನಪ್ಪಾ ಅಂದ್ರೆ" ಎನ್ನುವುದನ್ನು ಮರೆತಿದ್ದರು. "ಪರವಾಗಿ ಇರೋರು ಕೈ ಎತ್ತಿ."

ಕೈಗಳು ಎದ್ದವು. ಯೋಗಾನಂದನ ಫೋನಿನಲ್ಲಿ ಪೋಸ್ಟರು ಇನ್ನೂ ಬೆಳಗುತ್ತಿತ್ತು, ಬಾಯಿ ತೆರೆದ ಆ ಮುಖ. ಓಂಕಾರೇಶನಿಗೆ ಅದು ಯಾರನ್ನೋ ಅಣಕಿಸುತ್ತಿರುವಂತೆ ಕಂಡಿತು. ಕೈಗಳೆರಡನ್ನೂ ತೊಡೆಯ ಕೆಳಗೆ ಒತ್ತಿಟ್ಟು ಕೂತ.

"ವಿರೋಧ ಇರೋರು."

ಆಗ ಎತ್ತಿದ.

ಒಂದು ಕೈ ಹೆಚ್ಚಾಗಿ ಅರ್ಜಿ ಬಿದ್ದುಹೋಯಿತು. ಆ ಗದ್ದಲದಲ್ಲಿ ಬಾಗಿಲ ಪಕ್ಕ ನೋಡಿದರೆ ಚಾಂದ್ ಬಿ ಇರಲಿಲ್ಲ. ಅವನು ಅವಳ ದನಿ ಎತ್ತಿದ ಕೂಡಲೇ ಮುಖ ಮುಚ್ಚಿಕೊಂಡು ಹೊರಟಳು ಎಂದು ಯಾರೋ ಹೇಳಿದರು.

ಕಾರ್ಯಕ್ರಮ ಕಡೂರು ರಸ್ತೆಯ ಬಯಲಿಗೆ ಹೋಯಿತು, ಸುತ್ತಮುತ್ತ ಮನೆ ಇಲ್ಲದ ಜಾಗಕ್ಕೆ. ಆ ವಾರವಿಡೀ ಓಂಕಾರೇಶ ತೋಪಿನ ಬೀದಿಯತ್ತ ಸುಳಿಯಲಿಲ್ಲ. ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ಪೋಸ್ಟರು ಅಂಟಿತ್ತು. ಅವನ ಮುಖದ ಮೇಲೆ ಬೇರೆಯವನ ಮುಖ ಅಂಟಿಸಿದ್ದರು, ಅವಸರದಲ್ಲಿ. ಒಂದು ಕಿವಿ ಮಾತ್ರ ಇವನದೇ ಉಳಿದಿತ್ತು. ಅದನ್ನು ನೋಡುತ್ತ ಬಹಳ ಹೊತ್ತು ನಿಂತ. ಆಮೇಲೆ ಕಾಲು ತಾನಾಗಿ ಹಿತ್ತಿಲ ಸಂದಿಗೆ ತಿರುಗಿತು.

ಹಿಂದಿನ ಬಾಗಿಲು ತೆರೆದಿತ್ತು. ಚಾಂದ್ ಬಿ ಒಲೆಯ ಮುಂದಿದ್ದಳು. ತಿರುಗಿ ನೋಡಿದವಳ ಕೈಯಲ್ಲಿ ಸೌಟು.

"ನನ್ ದನಿ ಮಾಡ್ಬೇಡ ಅಂದಿದ್ನೋ ಇಲ್ವೋ?"

"ಅಂದಿದ್ದೆ."

"ನಾಕ್ ಜನದ್ ಮುಂದೆ! ಮನೇಗ್ ಬಂದ ಮೆಹಮಾನ್‌ಗೆ ಚಾಂದ್ ಬಿ ಒಳಗೊಳಗೇ ಬೈಕಂಡ್ಳು ಅಂತ ಊರೆಲ್ಲ ಆಡ್ಕಳಂಗಾಯ್ತು. ನಾಚ್ಕೆ ಆಗ್ಲಿಲ್ಲೇನೋ ನಿಂಗೆ?" ಸೌಟು ಅವನ ಹೆಗಲಿಗೆ ಬಿತ್ತು, ನೋಯುವಷ್ಟಲ್ಲ, ನೋಯಬಾರದು ಅನ್ನುವಷ್ಟೂ ಅಲ್ಲ. "ಅದೂ ಆ ಬಿಸ್ಕತ್ತು! ಅದನ್ನೂ ಹೇಳ್ಬೇಕಾಗಿತ್ತಾ? ನೀನ್ ಒಂದೂ ಮುಟ್ಲಿಲ್ಲ ಆವತ್ತು, ಎಲ್ಲಾ ಮೆತ್ತಗಾಗೋಯ್ತು. ಬೀರು ಬಾಗ್ಲು ಈಗ್ಲೂ ಮುಚ್ಕಳಲ್ಲ. ತಲೆನೋವು ಎಲ್ಡು ದಿನ ಬಿಡ್ಲಿಲ್ಲ ನಂಗೆ, ಎಂಥಾ ದರಿದ್ರ ಸದ್ದೋ ಅದು, ಯಾ ಅಲ್ಲಾ..."

ಒಳಕೋಣೆಯಿಂದ ಅಂಬರೀನ್ ನಕ್ಕದ್ದು ಕೇಳಿಸಿತು. "ಅಮ್ಮಿ, ಸಾಕು ಬಿಡಿ, ಪಾಪ."

"ನೀನ್ ಮಲಕ್ಕೋ ಸುಮ್ನೆ! ಇವ್ನಿಗೇನ್ ಪಾಪ?"

ಸೊಟ್ಟಗಾದ ಸ್ಟೀಲ್ ಲೋಟ ಅವನ ಮುಂದೆ ಠಕ್ ಎಂದು ಬಂತು. ಚಾ ಸ್ವಲ್ಪ ಚೆಲ್ಲಿತು. ಓಂಕಾರೇಶ ನೆಲದ ಮೇಲೆ ಗೋಡೆಗೆ ಒರಗಿ ಕೂತ. ಚಾಂದ್ ಬಿ ಹೆಂಚು, ಮಂಡಿ, ಸಕ್ಕರೆ, ಹಾದಿ ತಪ್ಪಿದ ಮಗ, ಅವನಿಗಿಂತ ಹಾದಿ ತಪ್ಪಿದ ಮಗನ ಗೆಳೆಯ, ಒಂದೊಂದನ್ನೇ ಎತ್ತಿ ಬೈಯುತ್ತ ಹೋದಳು. ಹೊರಗೆ ಅಜ್ಮತ್‌ನ ಆಟೋ ಬಂದು ನಿಂತ ಸದ್ದಾಯಿತು.

"ಅವ್ನಿಗೂ ಒಂದ್ ಲೋಟ ಹಾಕಮ್ಮೀ" ಎಂದ ಓಂಕಾರೇಶ.

"ಕಾಲಿಲ್ವಾ ನಿಂಗೆ? ಎದ್ದು ಹಾಕ್ಕೊಡು."